ಅಟ್ಟದ ರೇಡಿಯೋ ಮತ್ತು ಒಂದು ಬಲ್ಬು

ಕೇಳುಗರಿಗೆ ನಮಸ್ಕಾರ.

ಈ ಮಾತನ್ನು ನಾನು ಒಬ್ಬರಿಗೋಸ್ಕರ ಬರೆದುಕೊಂಡು ಬಂದಿದ್ದೇನೆ. ಅವರ ಮನೆಯ ಅಟ್ಟದಲ್ಲಿ ಒಂದು ಭಾರದ ಕಬ್ಬಿಣದ ಪೆಟ್ಟಿಗೆ ಇತ್ತು. ಮುಂದುಗಡೆ ದೊಡ್ಡ ಡಯಲ್, ಏಳೆಂಟು ನಾಬ್‌ಗಳು. ಹಿಂದುಗಡೆ ಧೂಳು ಕೂತ ಗಾಜಿನ ಬುರುಡೆಗಳು, ಅಂದರೆ ಟ್ರಾನ್ಸಿಸ್ಟರ್ ಬರುವ ಮೊದಲಿನ ಕಾಲದ ವಾಲ್ವ್‌ಗಳು. ಅಪ್ಪನದೋ ದೊಡ್ಡಪ್ಪನದೋ ಇರಬೇಕು. ಅವರು ಹ್ಯಾಮ್ ಆಗಿದ್ದರು. ಅಂದರೆ ಸರ್ಕಾರದ ಲೈಸೆನ್ಸ್ ತೆಗೆದುಕೊಂಡು ತಮ್ಮದೇ ರೇಡಿಯೋದಲ್ಲಿ ರಾತ್ರಿಯೆಲ್ಲ ಜಪಾನಿನವರ ಜೊತೆ, ರಷ್ಯಾದವರ ಜೊತೆ ಹರಟುತ್ತಿದ್ದವರು. ಈಗ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಆ ಪೆಟ್ಟಿಗೆ ಕೆಳಗಿಳಿದಿದೆ. ಇನ್ನೂ ಹಾಡುತ್ತದಾ ನೋಡೋಣ ಅಂತ ಅವರು ಪ್ಲಗ್ ಹಿಡಿದುಕೊಂಡು ಸ್ವಿಚ್ ಬೋರ್ಡ್ ಕಡೆ ಹೊರಟಿದ್ದಾರೆ.

ಸ್ವಾಮಿ, ನಿಲ್ಲಿ. ಪ್ಲಗ್ ಹಾಕಬೇಡಿ.

ಇವತ್ತು ನಾನು ಹೇಳಬೇಕು ಅಂತಿರೋದು ಇದೊಂದೇ. ಉಳಿದದ್ದು ಮರೆತರೂ ನನಗೆ ಬೇಜಾರಿಲ್ಲ.

ವಾರಕ್ಕೆ ಒಂದಾದರೂ ಫೋನ್ ಬರುತ್ತದೆ. "ಸಾರ್, ಹಳೇ ಸೆಟ್ ಒಂದಿದೆ, ವಾಲ್ವ್ ಎಲ್ಲಿ ಸಿಗುತ್ತೆ?" ಅಂತ. ವಾಲ್ವ್ ಹೋಗಿದೆ ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದರೆ ಉತ್ತರ ಇಲ್ಲ. ರೇಡಿಯೋ ಕೆಟ್ಟಿತು ಅಂದ ಕೂಡಲೇ ಎಲ್ಲರಿಗೂ ವಾಲ್ವ್ ಮೇಲೇ ಅನುಮಾನ. ಪಾಪ, ವಾಲ್ವ್ ಗಟ್ಟಿ ಜೀವ. ಅದು ಸುಮ್ನೆ ಸಾಯುವುದಿಲ್ಲ. ಅದರ ಪಕ್ಕದಲ್ಲಿ ಕೂತಿರುವ ಕಂಡೆನ್ಸರ್, ಅಂದರೆ ಕರೆಂಟನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗ, ಅದನ್ನು ಕೊಲ್ಲುತ್ತದೆ.

ಕಂಡೆನ್ಸರ್ ಒಳಗೆ ಏನಿದೆ ಗೊತ್ತಾ? ಹಳೆಯ ಕಾಲದ್ದಾದರೆ ಎರಡು ತಗಡಿನ ಹಾಳೆ, ಮಧ್ಯೆ ಮೇಣ ಹಚ್ಚಿದ ಕಾಗದ. ಅಷ್ಟೇ. ಸುರುಳಿ ಸುತ್ತಿ ಕೊಳವೆಯಲ್ಲಿ ತುರುಕಿರುತ್ತಾರೆ. ಮಲೆನಾಡಿನ ಅಟ್ಟದಲ್ಲಿ ಮೂವತ್ತು ಮಳೆಗಾಲ ಕಂಡ ಕಾಗದ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ತೇವ ಕುಡಿದಿರುತ್ತದೆ. ಕರೆಂಟನ್ನು ತಡೆಯಬೇಕಾದ ಕಾಗದವೇ ಕರೆಂಟಿಗೆ ದಾರಿ ಬಿಡುತ್ತದೆ. ಇನ್ನೊಂದು ಜಾತಿ ಇದೆ, ಎಲೆಕ್ಟ್ರೋಲಿಟಿಕ್. ಅದರದ್ದು ತದ್ವಿರುದ್ಧ ಕಥೆ. ಅದರೊಳಗಿನ ರಸ ಒಣಗಿಹೋಗಿರುತ್ತದೆ. ಇವೆರಡರಲ್ಲಿ ಒಂದು ಶಾರ್ಟ್ ಆಗಿದ್ದು, ನೀವು ನೇರವಾಗಿ 230 ವೋಲ್ಟ್ ಕೊಟ್ಟಿರೋ, ಅದರ ಪೂರ್ತಿ ಹೊರೆ ಬೀಳುವುದು ಮನೆಯ ಕರೆಂಟನ್ನು ಸೆಟ್ಟಿಗೆ ಬೇಕಾದ ವೋಲ್ಟಿಗೆ ಬದಲಿಸುವ ಪವರ್ ಟ್ರಾನ್ಸ್‌ಫಾರ್ಮರ್ ಮೇಲೆ.

ಸಿಗದೇ ಇರುವ ಬಿಡಿಭಾಗ ಅಂತ ಏನಾದರೂ ಇದ್ದರೆ ಅದು ಆ ಟ್ರಾನ್ಸ್‌ಫಾರ್ಮರೇ. ಕಂಡೆನ್ಸರ್ ಸಿಗುತ್ತದೆ, ರೆಸಿಸ್ಟರ್ ಸಿಗುತ್ತದೆ, ವಾಲ್ವ್ ಕೂಡ ಹುಡುಕಿದರೆ ಸಿಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ. ನಾನು ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಸುಟ್ಟು ಕಲಿತವನು ನಾನು.

1978. ನನಗೆ ಆಗ ಇಪ್ಪತ್ತನಾಲ್ಕು ವರ್ಷ. ಕಲಾಸಿಪಾಳ್ಯದ ಹತ್ತಿರ ಒಂದು ಗುಜರಿಯಲ್ಲಿ, ಲಾರಿ ಬಿಡಿಭಾಗಗಳ ರಾಶಿಯ ಕೆಳಗೆ, ಒಂದು ಎಆರ್ 88 ಕಣ್ಣಿಗೆ ಬಿತ್ತು. ಹ್ಯಾಮ್‌ಗಳಿಗೆ ಇದರ ಹೆಸರು ಹೇಳಿದರೆ ಸಾಕು. ಉಳಿದವರಿಗೆ ಹೇಳುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಮಾಡಿದ ರಿಸೀವರ್ ಅದು. 14 ವಾಲ್ವ್. ತೂಕ 45 ಕಿಲೋ ಹತ್ತಿರ. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಇಂಥ ಸಾಮಾನು ಮಾರಾಟಕ್ಕೆ, ಅಂದರೆ ಡಿಸ್ಪೋಸಲ್‌ಗೆ ಬಂತು. ನಮ್ಮ ಹಿಂದಿನ ತಲೆಮಾರಿನ ಹ್ಯಾಮ್‌ಗಳು ಬೆಳೆದದ್ದೇ ಆ ಡಿಸ್ಪೋಸಲ್ ಸಾಮಾನಿನ ಮೇಲೆ. ನನ್ನ ಕಾಲಕ್ಕೆ ಅಳಿದುಳಿದದ್ದು ಒಂದೊಂದು ಸಿಗುತ್ತಿತ್ತು.

ಗುಜರಿಯವರು 400 ಅಂದರು, ನಾನು 350ಕ್ಕೆ ಇಳಿಸಿದೆ. ಅದು ನನ್ನ ಅರ್ಧಕ್ಕಿಂತ ಜಾಸ್ತಿ ಸಂಬಳ. ಆಟೋದವನು ಪೆಟ್ಟಿಗೆ ನೋಡಿ ಒಂದೂವರೆ ಕೇಳಿದ. ಕೊಟ್ಟೆ. ಮನೆಗೆ ತಂದು ನಡುಮನೆಯಲ್ಲಿ ಇಳಿಸಿದರೆ ನಮ್ಮಮ್ಮ, "ಇದೇನೋ ಇದು, ರುಬ್ಬೋ ಕಲ್ಲಿಗಿಂತ ಭಾರ! ಯಾರು ಗುಡಿಸೋರು ಇದರ ಅಡಿ?" ಅಂದರು. ನನಗೆ ಕೇಳಿಸಲೇ ಇಲ್ಲ. ಕೈ ನಡುಗುತ್ತಿತ್ತು. ಧೂಳು ಒರೆಸಿದೆ. ಒಂದು ತುಂಡು ವೈರ್ ಏರಿಯಲ್ ಅಂತ ಕಟ್ಟಿದೆ. ಪ್ಲಗ್ ಹಾಕಿದೆ.

ಡಯಲ್ ದೀಪ ಹತ್ತಿತು. ಅರ್ಧ ನಿಮಿಷಕ್ಕೆ ಸದ್ದು ಬಂತು. ರೇಡಿಯೋ ಸಿಲೋನ್ ಪಕ್ಕದ ಕೋಣೆಯಲ್ಲಿ ಹಾಡುತ್ತಿದೆಯೇನೋ ಅನ್ನೋ ಹಾಗೆ ಬಂತು! ನಮ್ಮಮ್ಮ ಕೂಡ ಅಡುಗೆಮನೆಯಿಂದ ಇಣುಕಿದರು. ಆಮೇಲೆ ಹ್ಯಾಮ್‌ಗಳು ಮಾತಾಡುವ 40 ಮೀಟರ್ ಬ್ಯಾಂಡಿಗೆ ತಿರುಗಿಸಿದೆ. ಯಾರೋ ಹ್ಯಾಮ್ ಒಬ್ಬರು ತಮ್ಮೂರಿನ ಮಳೆ ವಿಷಯ ಹೇಳುತ್ತಿದ್ದರು. ಹತ್ತು ನಿಮಿಷ ಸ್ವರ್ಗ. ಹನ್ನೊಂದನೇ ನಿಮಿಷಕ್ಕೆ ಗುಂಯ್ ಅನ್ನೋ ಸದ್ದು ಶುರುವಾಯಿತು. ಆಮೇಲೆ ವಾಸನೆ. ರಸ್ತೆಗೆ ಡಾಂಬರು ಹಾಕುವಾಗ ಬರುತ್ತದಲ್ಲ, ಅದೇ ವಾಸನೆ. ಹಿಂದೆ ಬಗ್ಗಿ ನೋಡಿದರೆ ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಒಳಗಿನ ತಗಡು ಕೆಂಡದ ಹಾಗೆ ಕೆಂಪಗಿದೆ. ನಾನು ಓಡಿ ಸ್ವಿಚ್ ಆರಿಸುವಷ್ಟರಲ್ಲಿ ಟ್ರಾನ್ಸ್‌ಫಾರ್ಮರಿಂದ ಕಪ್ಪು ಅಂಟು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನೆಲದ ಆ ಕಲೆ ಆ ಮನೆ ಬಿಡುವವರೆಗೂ ಹೋಗಲಿಲ್ಲ. ನಮ್ಮಮ್ಮ ನೆಂಟರಿಗೆಲ್ಲ ತೋರಿಸುತ್ತಿದ್ದರು.

ಆಗಿದ್ದು ಇಷ್ಟೇ. ಆ ಡಿಸಿಯನ್ನು ನಯ ಮಾಡುವ ಫಿಲ್ಟರ್ ಕಂಡೆನ್ಸರ್ ಶಾರ್ಟ್ ಆಗಿತ್ತು. ಆ ಒಂದು ಡಬ್ಬಿಯಿಂದಾಗಿ ಏಳೆಂಟು ಕಿಲೋ ತಾಮ್ರ, ಕಬ್ಬಿಣ ಹಾಳಾಯಿತು.

ಎಲ್ಲಿ ಹುಡುಕೋದು ಅಂಥ ಟ್ರಾನ್ಸ್‌ಫಾರ್ಮರ್? ಎಸ್‌ಪಿ ರೋಡಿನಲ್ಲಿ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳೆಲ್ಲ ಇರುವ ಆ ಬೀದಿಯಲ್ಲಿ, ಈ ತುದಿಯಿಂದ ಆ ತುದಿಗೆ ನಡೆದೆ. ಸಂಡೇ ಬಜಾರಿನಲ್ಲಿ ಎರಡು ತಿಂಗಳು ಅಲೆದೆ. ಮದ್ರಾಸಿಗೆ ಹೋದಾಗ ಮೂರ್ ಮಾರ್ಕೆಟ್ಟಿನಲ್ಲಿ ಕೇಳಿದೆ. ನಕ್ಕರು. ಕೊನೆಗೆ ಯಾರೋ ಚಿಕ್ಕಪೇಟೆಯ ಹಿಂದಿನ ಒಂದು ಗಲ್ಲಿಗೆ ಕಳಿಸಿದರು. ಅಲ್ಲಿ ಒಬ್ಬ ಯಜಮಾನರು ಪಂಪ್‌ಸೆಟ್ ಮೋಟರ್, ಫ್ಯಾನು ವೈಂಡಿಂಗ್ ಮಾಡುತ್ತಿದ್ದರು. ಅಂಗಡಿ ಅಂದರೆ ಮೆಟ್ಟಿಲ ಕೆಳಗಿನ ಜಾಗ, ಅಷ್ಟೇ.

"ಯಾವ ಮೋಟರ್‌ದಪ್ಪ ಇದು?" ಅಂದರು.

"ಮೋಟರ್ ಅಲ್ಲ ಯಜಮಾನ್ರೇ, ರೇಡಿಯೋದ್ದು."

"ಇಷ್ಟು ದಪ್ಪ ರೇಡಿಯೋನಾ? ಇದರಲ್ಲಿ ಏನು ಕೇಳ್ತೀಯ, ದೇವರ ಮಾತಾ?"

ಒಪ್ಪಿಕೊಂಡರು. ಒಂದೊಂದೇ ಸುತ್ತು ಬಿಚ್ಚಿ ಎಣಿಸಿದರು. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡರು. ಯಾವ ಪದರದಲ್ಲಿ ಎಷ್ಟು ಸುತ್ತು, ಯಾವ ಗೇಜಿನ ತಂತಿ, ಎಲ್ಲಿ ಕಾಗದ ಇಟ್ಟಿದ್ದಾರೆ, ಎಲ್ಲಾ. ಮೂರು ಭಾನುವಾರ ನಾನು ಪಕ್ಕದಲ್ಲಿ ಕೂತು ನೋಡಿದೆ. ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ ಅಂತ ಬೈಯುತ್ತಿದ್ದರು. ಹೊಸದಾಗಿ ಸುತ್ತಿ, ವಾರ್ನಿಷ್ ಕುಡಿಸಿ, ಬಿಸಿಲಿಗಿಟ್ಟು ಒಣಗಿಸಿ ಕೊಟ್ಟರು. ನಾನು ಖುಷಿಯಲ್ಲಿ ಎತ್ತಿಕೊಂಡು ಹೊರಟರೆ, "ಎಲ್ಲಿಗೆ? ಮತ್ತೆ ಸುಟ್ಟುಕೊಂಡು ಬರೋಕಾ?" ಅಂತ ತಡೆದರು.

ಗೋಡೆಯ ಮೇಲಿನ ಒಂದು ಮರದ ಹಲಗೆ ತೋರಿಸಿದರು. ಅದರಲ್ಲಿ ಒಂದು ಬಲ್ಬ್ ಹೋಲ್ಡರ್, ಒಂದು ಪ್ಲಗ್ ಪಾಯಿಂಟ್. ಕರೆಂಟು ಮೊದಲು ಬಲ್ಬಿನ ಮೂಲಕ ಹಾದು ಆಮೇಲೆ ಪ್ಲಗ್ ಪಾಯಿಂಟಿಗೆ ಬರಬೇಕು. ಸೀರೀಸ್ ಬೋರ್ಡ್. "ಕರೆಂಟನ್ನ ನೇರ ಒಳಗೆ ಬಿಟ್ಟುಕೋಬೇಡಪ್ಪ. ಬಾಗಿಲಲ್ಲಿ ನಿಲ್ಲಿಸಿ ಮೊದಲು ವಿಚಾರಿಸು" ಅಂದರು. ಆ ಬಲ್ಬೇ ಬಾಗಿಲು ಕಾಯುವವನು.

ಇನ್ನೂ ಒಂದು ಕಲಿಸಿದರು. ಸುಟ್ಟ ಫಿಲ್ಟರ್ ಕಂಡೆನ್ಸರಿಗೆ ಬದಲಿ ಎಲ್ಲಿ ತರೋದು ಅಂತ ಕೇಳಿದೆ. ಪಕ್ಕದ ಡಬ್ಬಿಯಿಂದ ಎರಡು ಸೀಲಿಂಗ್ ಫ್ಯಾನ್ ಕಂಡೆನ್ಸರ್ ತೆಗೆದು ಕೈಗಿಟ್ಟರು. ಒಂದೊಂದು ಎರಡೂವರೆ ಮೈಕ್ರೋಫ್ಯಾರಡ್, 440 ವೋಲ್ಟ್. ಪಕ್ಕಪಕ್ಕ ಜೋಡಿಸಿದರೆ ಐದು. ನನಗೆ ಬೇಕಾಗಿದ್ದದ್ದು ನಾಲ್ಕರ ಆಸುಪಾಸು. ಅಮೆರಿಕದ ಸೈನ್ಯದ ಸೆಟ್ಟಿಗೆ ಚಿಕ್ಕಪೇಟೆಯ ಫ್ಯಾನ್ ಕಂಡೆನ್ಸರ್. ಇವತ್ತಿಗೂ ಯಾರಾದರೂ ಕೇಳಿದರೆ ನಾನು ಹೇಳೋದು ಅದೇ, ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಅಂತ.

ಕಥೆ ಉದ್ದವಾಯಿತು. ನನ್ನ ಹಾಳೆಯಲ್ಲಿ ಇನ್ನೂ ಎರಡು ಪುಟ ಇದೆ, ಸಮಯ ಇಲ್ಲ. ಬೇಗ ಬೇಗ ಹೇಳುತ್ತೇನೆ.

ಸೀರೀಸ್ ಬೋರ್ಡಿಗೆ ಹಳೇ ಕಾಲದ ತಂತಿ ಬಲ್ಬೇ ಬೇಕು. ಎಲ್‌ಇಡಿ ನಡೆಯುವುದಿಲ್ಲ. ಸಣ್ಣ ಸೆಟ್ಟಿಗೆ 60 ವ್ಯಾಟ್, ದೊಡ್ಡದಕ್ಕೆ 100. ಈಗ ಅಂಗಡಿಯಲ್ಲಿ ಅಪರೂಪ, ಸಿಕ್ಕಾಗ ನಾಲ್ಕು ತೆಗೆದಿಟ್ಟುಕೊಳ್ಳಿ. ಮೊದಲು ಸೆಟ್ಟಿನ ಎಲ್ಲ ವಾಲ್ವ್ ಕಿತ್ತಿಡಿ. ಯಾವುದು ಎಲ್ಲಿತ್ತು ಅಂತ ಬರೆದುಕೊಳ್ಳಿ, ಇಲ್ಲದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಈಗ ಬೋರ್ಡಿಗೆ ಹಾಕಿ. ಬಲ್ಬು ಮಿಣುಕಿ ಆರಿತಾ? ಟ್ರಾನ್ಸ್‌ಫಾರ್ಮರ್ ಬದುಕಿದೆ, ಬಚಾವ್. ಆಮೇಲೆ ಕಾಗದದ ಕಂಡೆನ್ಸರ್ ಎಲ್ಲವನ್ನೂ ಬದಲಾಯಿಸಿ. 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರ್ ಎಸ್‌ಪಿ ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಒಂದೊಂದಾಗಿ ಬದಲಾಯಿಸಿ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಗೆ ಅಂತ ದೇವರಿಗೂ ಗೊತ್ತಾಗುವುದಿಲ್ಲ. ಕೊನೆಗೆ ವಾಲ್ವ್ ಹಾಕಿ ನೋಡಿ. ಬಲ್ಬು ಜಗ್ಗನೆ ಹತ್ತಿ ಹಾಗೇ ಉರಿಯುತ್ತಿದ್ದರೆ ಒಳಗೆ ಇನ್ನೂ ಶಾರ್ಟ್ ಇದೆ. ಆರಿಸಿ, ಹುಡುಕಿ. ನೇರ ಪ್ಲಗ್ ಇನ್ನೂ ಬೇಡ.

ವಾಲ್ವ್ ವಿಷಯ ಎರಡು ಮಾತು. ನಮ್ಮ ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್ ಮಾಡಲು ಶುರು ಮಾಡಿತು. ಆ ಇಸಿಸಿ 83, ಇಎಲ್ 84 ವಾಲ್ವ್‌ಗಳನ್ನು ಇವತ್ತು ಹಾಡು ಕೇಳುವ ಶೋಕಿಯವರು ಹೊರದೇಶಗಳಲ್ಲೂ ಹುಡುಕುತ್ತಾರೆ. ಮುಚ್ಚಿಹೋದ ರೇಡಿಯೋ ರಿಪೇರಿ ಅಂಗಡಿಗಳ ಮೇಲಿನ ಖಾನೆಯಲ್ಲಿ, ಡಬ್ಬಿ ಕೂಡ ತೆಗೆಯದೆ, ಅವು ಇನ್ನೂ ಕೂತಿವೆ. ತಾಲ್ಲೂಕು ಊರುಗಳಲ್ಲಿ ವಿಚಾರಿಸಿ. ಅಂಗಡಿಯ ಮಗನನ್ನು ಕೇಳಿದರೆ "ಇಲ್ಲ ಸಾರ್" ಅನ್ನುತ್ತಾನೆ. ಅವರಪ್ಪನನ್ನು ಕೇಳಿ.

ಜಪಾನಿನ ಯಾಯೆಸು (Yaesu) ಕಂಪನಿಯ ಎಫ್‌ಟಿ 101 ಅನ್ನೋ ಹ್ಯಾಮ್ ಸೆಟ್ ಇರುವವರಿಗೆ ಒಂದು ಮಾತು. ಅದರಲ್ಲಿ ಸಿಗ್ನಲ್ ಹೊರಗೆ ಕಳಿಸುವ ಕೊನೇ ಹಂತದ 6ಜೆಎಸ್6ಸಿ ವಾಲ್ವ್‌ಗಳು ನಿಜಕ್ಕೂ ಸಿಗುವುದು ಕಷ್ಟ. ಅವು ಟಿವಿಗೆ ಅಂತ ಮಾಡಿದ ವಾಲ್ವ್. ಆ ಟಿವಿಗಳೇ ಹೋದವು. ಹಾಗಾಗಿ ಇರುವ ಜೋಡಿಯನ್ನು ಜೋಪಾನ ಮಾಡಿ. ಟ್ಯೂನ್ ಮಾಡುವಾಗ ಐದು ಸೆಕೆಂಡಿಗಿಂತ ಜಾಸ್ತಿ ಕೀ ಒತ್ತಬೇಡಿ.

ಇನ್ನು ಸಿಗ್ನಲನ್ನು ಜೋರು ಮಾಡಿ ಕಳಿಸುವ ದೊಡ್ಡ ಆಂಪ್ಲಿಫೈಯರ್, ನಾವು ಲಿನಿಯರ್ ಅನ್ನುವುದು. ಹೀತ್‌ಕಿಟ್ ಎಸ್‌ಬಿ 220 ತರಹದ್ದು. ಅದರೊಳಗೆ 3000 ವೋಲ್ಟ್ ಹತ್ತಿರ ಇರುತ್ತದೆ. ಅದರ ಮುಂದೆ ನಮ್ಮ ಬಲ್ಬು ಏನೂ ಅಲ್ಲ. ಪ್ಲಗ್ ಕಿತ್ತ ಮೇಲೂ ಅದರ ಎಂಟು ಕಂಡೆನ್ಸರ್‌ಗಳಲ್ಲಿ ಸಾಯಿಸುವಷ್ಟು ಕರೆಂಟು ಕೂತಿರಬಹುದು. ಟಿವಿ ರಿಪೇರಿ ಗೊತ್ತು ಅಂತ ಕೈ ಹಾಕಬೇಡಿ. ಒಣ ಕೋಲಿನ ತುದಿಗೆ ಅರ್ಥಿಂಗ್ ತಂತಿ ಕಟ್ಟಿ ಮುಟ್ಟಿಸದೆ, ಮುಟ್ಟಿಸಿ ಅಲ್ಲೇ ಬಿಡದೆ, ಬೆರಳು ಒಳಗೆ ಹೋಗಬಾರದು. ಒಂದು ಕೈ ಜೇಬಿನಲ್ಲಿರಲಿ. ಅದರ ಫ್ಯಾನ್ ತಿರುಗುತ್ತದಾ ಅಂತಲೂ ನೋಡಿ. ಗಾಳಿ ನಿಂತರೆ ಅದರೊಳಗಿನ 3-500ಝಡ್ ಅನ್ನೋ ವಾಲ್ವಿನ ಕಾಲಿನ ಬೆಸುಗೆಯೇ ಕರಗುತ್ತದೆ. ಗೊತ್ತಿಲ್ಲದಿದ್ದರೆ ಲಿನಿಯರ್ ಅನ್ನು ಬಿಚ್ಚಲೇಬೇಡಿ. ಇದರಲ್ಲಿ ನಾನು ವಾದಕ್ಕೆ ಬರುವುದಿಲ್ಲ.

ಕೊನೆಯದು. ಪೆಟ್ಟಿಗೆಯಲ್ಲಿ ಮೈಕಿನ ಕನೆಕ್ಷನ್ನೋ ಟಕಟಕ ಅಂತ ಒತ್ತಿ ಸಂದೇಶ ಕಳಿಸುವ ಮೋರ್ಸ್ ಕೀಯೋ ಇದ್ದರೆ ಅದು ಕೇಳುವುದಕ್ಕಷ್ಟೇ ಅಲ್ಲ, ಸಿಗ್ನಲ್ ಕಳಿಸುವ ಟ್ರಾನ್ಸ್‌ಮಿಟರ್. ಅಪ್ಪನ ಲೈಸೆನ್ಸ್ ಅಪ್ಪನದು, ಮಕ್ಕಳಿಗೆ ಬರುವುದಿಲ್ಲ. ಪರೀಕ್ಷೆ ಬರೆದು ನಿಮ್ಮದೇ ಲೈಸೆನ್ಸ್ ತೆಗೆದುಕೊಳ್ಳಿ, ಅದೇನು ದೊಡ್ಡ ಕಷ್ಟವಲ್ಲ. ಆಗದಿದ್ದರೆ ಲೈಸೆನ್ಸ್ ಇರುವ ಹ್ಯಾಮ್ ಒಬ್ಬರಿಗೆ ಒಪ್ಪಿಸಿ. ಗುಜರಿಗೆ ಕೆಜಿ ಲೆಕ್ಕದಲ್ಲಿ ಹಾಕಬೇಡಿ, ನನಗೆ ಹೊಟ್ಟೆ ಉರಿಯುತ್ತದೆ. ಹತ್ತಿರದ ಹ್ಯಾಮ್ ಕ್ಲಬ್ಬಿಗೆ ಒಂದು ಫೋನ್ ಮಾಡಿದರೆ ಯಾರಾದರೂ ಬಂದು ನೋಡುತ್ತಾರೆ. ಬಂದವರಿಗೆ ಒಂದು ಲೋಟ ಕಾಫಿ ಕೊಡಿ. ಅವರು ಬರುವವರೆಗೆ ಆ ಪೆಟ್ಟಿಗೆಯ ವೈರನ್ನು ಸುತ್ತಿ, ದಾರ ಕಟ್ಟಿ, ಮೊಮ್ಮಕ್ಕಳ ಕೈಗೆ ಎಟುಕದ ಹಾಗೆ ಮೇಲಿಡಿ.

ನಮಸ್ಕಾರ.