ನುಂಗುವ ನಕ್ಷತ್ರದಿಂದ ಹೊರಟ ಗಾಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ದೀಪಾವಳಿಯ ಹೊತ್ತಿಗೆ ನಮ್ಮ ಮಲೆನಾಡಿನಲ್ಲಿ ಮಳೆ ಹಿಂದೆ ಸರಿದಿರುತ್ತದೆ. ಮೋಡವಿಲ್ಲದ ಒಂದು ಸಂಜೆ, ಕತ್ತಲಾದ ಕೂಡಲೇ, ನೈಋತ್ಯಕ್ಕೆ ಮುಖ ಮಾಡಿ ನಿಂತರೆ ಧನು ರಾಶಿ ಕಾಣುತ್ತದೆ. ಆಕಾಶಗಂಗೆ ಹೆಚ್ಚು ದಟ್ಟವಾಗಿರುವುದು ಅಲ್ಲೇ. ಅದೇ ದಿಕ್ಕಿನಲ್ಲಿ, 20 ಸಾವಿರಕ್ಕೂ ಜಾಸ್ತಿ ಬೆಳಕಿನ ವರ್ಷ ದೂರದಲ್ಲಿ, ಜಿಎಕ್ಸ್ 13+1 ಎಂಬ ನಕ್ಷತ್ರ ಜೋಡಿ ಇದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಎಕ್ಸ್-ರೇಯಲ್ಲಿ ನೋಡಿದರೆ ಮಾತ್ರ ಜೋರಾಗಿ ಬೆಳಗುತ್ತದೆ.

ಜೋಡಿಯಲ್ಲಿ ಒಂದು ಉಬ್ಬಿದ ದೈತ್ಯ ನಕ್ಷತ್ರ. ಇನ್ನೊಂದು ನ್ಯೂಟ್ರಾನ್ ನಕ್ಷತ್ರ, ಅಂದರೆ ದೊಡ್ಡ ನಕ್ಷತ್ರವೊಂದು ಸಿಡಿದು ಸತ್ತ ಮೇಲೆ ಉಳಿದ ಗಟ್ಟಿ ತಿರುಳು. ಅದರ ತೂಕ ನಮ್ಮ ಸೂರ್ಯನಿಗಿಂತಲೂ ಜಾಸ್ತಿ. ಅಗಲ ಮಾತ್ರ ಶಿವಮೊಗ್ಗದಿಂದ ಭದ್ರಾವತಿಗೆ ಹೋದಷ್ಟು, ಸುಮಾರು 20 ಕಿಲೋಮೀಟರ್. ಇಷ್ಟು ಚಿಕ್ಕ ಜಾಗದಲ್ಲಿ ಅಷ್ಟು ತೂಕ ಇದ್ದರೆ ಸೆಳೆತ ಎಷ್ಟಿರಬೇಡ! ಪಕ್ಕದ ನಕ್ಷತ್ರದ ಅನಿಲವನ್ನು ಅದು ಎಳೆದುಕೊಳ್ಳುತ್ತಲೇ ಇರುತ್ತದೆ. ಆ ಅನಿಲ ನೇರವಾಗಿ ಬೀಳುವುದಿಲ್ಲ. ಸುತ್ತುತ್ತಾ ಸುತ್ತುತ್ತಾ ತಟ್ಟೆಯಾಗಿ ಹರಡಿಕೊಂಡು, ನಿಧಾನವಾಗಿ ಒಳಗೆ ಇಳಿಯುತ್ತದೆ. ಇಳಿಯುವಾಗ ಕೋಟಿಗಟ್ಟಲೆ ಡಿಗ್ರಿ ಕಾಯುತ್ತದೆ. ಎಕ್ಸ್-ರೇ ಹುಟ್ಟುವುದು ಅಲ್ಲಿ.

ಈ ಬಿಸಿ ಎಷ್ಟು ಅಂತೀರಾ? ಸೂರ್ಯನ ಒಳಗೆ ಹೈಡ್ರೋಜನ್ ಹೀಲಿಯಂ ಆಗುವಾಗ ಅದರ ದ್ರವ್ಯದಲ್ಲಿ ಶೇಕಡಾ 0.7ರಷ್ಟು ಶಕ್ತಿಯಾಗಿ ಹೊರಬರುತ್ತದೆ. ನ್ಯೂಟ್ರಾನ್ ನಕ್ಷತ್ರದ ಮೇಲೆ ಸುಮ್ನೆ ಬಿದ್ದರೆ ಸಾಕು, ಶೇಕಡಾ 15ರಿಂದ 20ರಷ್ಟು ಬರುತ್ತದೆ. ಬೀಳುವುದರಲ್ಲೇ ಇಷ್ಟು ಶಕ್ತಿ ಇದೆ ಎನ್ನುವುದು ನನಗೆ ಈಗಲೂ ಬೆರಗು.

ಸಾಗರ, ಹೊಸನಗರದ ಕಡೆ ಆಲೆಮನೆ ನೋಡಿದವರಿಗೆ ಗೊತ್ತು. ಒಲೆಯ ಬೆಂಕಿ ಜಾಸ್ತಿಯಾದರೆ ಕೊಪ್ಪರಿಗೆಯ ಕಬ್ಬಿನ ಹಾಲು ಉಕ್ಕಿ ಹೊರಗೆ ಚೆಲ್ಲುತ್ತದೆ. ಇಲ್ಲೂ ಹಾಗೆಯೇ. ನಡುವಿನಿಂದ ಹೊರಡುವ ಎಕ್ಸ್-ರೇ ತಟ್ಟೆಯ ಹೊರ ಅಂಚನ್ನು ಕಾಯಿಸುತ್ತದೆ. ಅಲ್ಲಿ ಸೆಳೆತ ಕಡಿಮೆ. ಕಾದ ಅನಿಲ ಹಿಡಿತ ತಪ್ಪಿಸಿಕೊಂಡು ಗಾಳಿಯಾಗಿ ಹೊರಟುಬಿಡುತ್ತದೆ. ಬೆಳಕು ಇನ್ನೂ ಹೆಚ್ಚಿದರೆ, ಬೆಳಕಿನ ಒತ್ತಡವೇ ಅನಿಲವನ್ನು ಹೊರಗೆ ತಳ್ಳುತ್ತದೆ. ಸೆಳೆತವೂ ಈ ಒತ್ತಡವೂ ಸಮವಾಗುವ ಮಟ್ಟಕ್ಕೆ ಎಡಿಂಗ್ಟನ್ ಮಿತಿ ಎನ್ನುತ್ತಾರೆ. ನ್ಯೂಟ್ರಾನ್ ನಕ್ಷತ್ರಕ್ಕೆ ಆ ಮಿತಿ ಸುಮಾರು 50 ಸಾವಿರ ಸೂರ್ಯರ ಬೆಳಕು. ಹಾಗಾಗಿ ಸೆಳೆದುಕೊಂಡದ್ದೆಲ್ಲ ಅದರ ಪಾಲಾಗುವುದಿಲ್ಲ. ಎಷ್ಟೋ ಅನಿಲ ನಕ್ಷತ್ರವನ್ನು ಮುಟ್ಟುವ ಮೊದಲೇ ವಾಪಸ್ ಹಾರಿಹೋಗುತ್ತದೆ.

ಅಷ್ಟು ದೂರದ ಗಾಳಿ ನಮಗೆ ಗೊತ್ತಾಗುವುದು ಹೇಗೆ? ಕಬ್ಬಿಣದಿಂದ. ಹೌದು, ಕೆಮ್ಮಣ್ಣುಗುಂಡಿಯಿಂದ ಅದಿರಾಗಿ ಬಂದು ಭದ್ರಾವತಿಯ ಕುಲುಮೆಯಲ್ಲಿ ಕರಗಿತಲ್ಲ, ಅದೇ ಕಬ್ಬಿಣ. ಅದರ ಪರಮಾಣುವಿನಲ್ಲಿ 26 ಎಲೆಕ್ಟ್ರಾನ್ ಇರುತ್ತವೆ. ಈ ಗಾಳಿಯಲ್ಲಿ ಹೆಚ್ಚಿನವು ಕಿತ್ತುಹೋಗಿ ಒಂದೋ ಎರಡೋ ಉಳಿದಿರುತ್ತವೆ. ಹಾಗೆ ಉಳಿದ ಕಬ್ಬಿಣ, ಎಕ್ಸ್-ರೇಯಲ್ಲಿ ಸುಮಾರು 7 ಸಾವಿರ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಹತ್ತಿರ ಬೆಳಕನ್ನು ನುಂಗಿ ಕಪ್ಪು ಗೆರೆ ಮೂಡಿಸುತ್ತದೆ. ಗಾಳಿ ನಮ್ಮ ಕಡೆ ಬರುತ್ತಿದ್ದರೆ ಆ ಗೆರೆ ಸ್ವಲ್ಪ ಹೆಚ್ಚು ಶಕ್ತಿಯ ಕಡೆ ಸರಿಯುತ್ತದೆ. ಎಷ್ಟು ಸರಿಯಿತು ಅಂತ ಅಳೆದರೆ ವೇಗ ಸಿಕ್ಕಿತು.

ಆದರೆ ಅಳೆಯುವುದು ಸುಲಭವಲ್ಲ. ಗಾಳಿಯ ವೇಗ ಸೆಕೆಂಡಿಗೆ 300 ಕಿಲೋಮೀಟರ್ ಅಂದುಕೊಳ್ಳಿ. ಅದು ಬೆಳಕಿನ ವೇಗದ ಸಾವಿರದಲ್ಲೊಂದು ಪಾಲು. ಗೆರೆಯೂ 7 ಸಾವಿರದಲ್ಲಿ ಬರೀ 7ರಷ್ಟು ಸರಿಯುತ್ತದೆ. ಜೊತೆಗೆ ಎಕ್ಸ್-ರೇ ನಮ್ಮ ವಾತಾವರಣ ದಾಟಿ ಕೆಳಗೆ ಬರುವುದೇ ಇಲ್ಲ. ಕೊಡಚಾದ್ರಿಯ ತುದಿ ಹತ್ತಿದರೂ ಪ್ರಯೋಜನವಿಲ್ಲ, ಉಪಗ್ರಹವೇ ಬೇಕು. 2023ರ ಸೆಪ್ಟೆಂಬರಿನಲ್ಲಿ ಜಪಾನ್ ಹಾರಿಸಿದ ಕ್ರಿಸ್ಮ್ ಉಪಗ್ರಹದಲ್ಲಿ ರಿಸಾಲ್ವ್ ಎಂಬ ಉಪಕರಣ ಇದೆ. ಅದರ ಕೆಲಸ ಕೇಳಿದರೆ ಖುಷಿಯಾಗುತ್ತದೆ. ಅದನ್ನು ಪರಮ ಶೂನ್ಯಕ್ಕಿಂತ, ಅಂದರೆ ಚಳಿಯ ಕಟ್ಟಕಡೆಯ ಮಿತಿಗಿಂತ, ಬರೀ 0.05 ಡಿಗ್ರಿ ಮೇಲಿನ ಚಳಿಯಲ್ಲಿ ಇಟ್ಟಿರುತ್ತಾರೆ. ಎಕ್ಸ್-ರೇಯ ಒಂದೊಂದೇ ಕಣ ಬಂದು ಬಿದ್ದಾಗ ಅದು ಎಳ್ಳಷ್ಟು ಬೆಚ್ಚಗಾಗುತ್ತದೆ. ಆ ಬೆಚ್ಚಗಾದದ್ದನ್ನು ಅಳೆದು ಕಣದ ಶಕ್ತಿ ಹೇಳುತ್ತಾರೆ, ಅದೂ ಸುಮಾರು 5 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಸೂಕ್ಷ್ಮವಾಗಿ.

2024ರ ಫೆಬ್ರವರಿಯಲ್ಲಿ ಈ ಉಪಗ್ರಹ ಜಿಎಕ್ಸ್ 13+1 ಅನ್ನು ನೋಡಿತು. ಅದೃಷ್ಟವೂ ಜೊತೆಗಿತ್ತು. ನೋಡುವ ಕೆಲವೇ ದಿನ ಮೊದಲು ಅದು ಇದ್ದಕ್ಕಿದ್ದಂತೆ ಹೊಳಪೇರಿಸಿ, ಎಡಿಂಗ್ಟನ್ ಮಿತಿಯನ್ನೇ ಮುಟ್ಟಿತ್ತು. ಅಷ್ಟು ಬೆಳಕಿದ್ದರೆ ಗಾಳಿಯೂ ಬಿರುಗಾಳಿಯಾಗಿರಬೇಕು, ಅಲ್ವಾ? ಗಾಳಿ ಮಂಜು ಕವಿದಂತೆ ದಟ್ಟವಾಯಿತು, ಆದರೆ ವೇಗ ಮಾತ್ರ ಗಂಟೆಗೆ ಸುಮಾರು 10 ಲಕ್ಷ ಕಿಲೋಮೀಟರ್. ನಮಗೆ ದೊಡ್ಡ ಸಂಖ್ಯೆಯೇ. ಆದರೆ ಗ್ಯಾಲಕ್ಸಿಗಳ ಕೇಂದ್ರದಲ್ಲಿರುವ ಭಾರಿ ಕಪ್ಪುಕುಳಿಗಳು ಇದೇ ಮಿತಿಯ ಹತ್ತಿರ ಇದ್ದಾಗ, ಗಾಳಿ ಬೆಳಕಿನ ವೇಗದ ಶೇಕಡಾ 20ರಿಂದ 30ರಷ್ಟು ಓಡುತ್ತದೆ. ಅದಕ್ಕೆ ಹೋಲಿಸಿದರೆ ಇದು ತೆವಳುವ ಗಾಳಿ.

ವ್ಯತ್ಯಾಸ ತಟ್ಟೆಯ ಬಿಸಿಯಲ್ಲಿ ಇರಬಹುದು ಎನ್ನುತ್ತಾರೆ ಸಂಶೋಧಕರು. ಭಾರಿ ಕಪ್ಪುಕುಳಿಯ ತಟ್ಟೆ ಬಹಳ ದೊಡ್ಡದು, ಅಷ್ಟು ಕಾಯುವುದಿಲ್ಲ. ಅದರ ಬೆಳಕು ಹೆಚ್ಚಾಗಿ ಅತಿನೇರಳೆ. ಅತಿನೇರಳೆ ಕಿರಣ ಅನಿಲವನ್ನು ಚೆನ್ನಾಗಿ ಹಿಡಿದು ತಳ್ಳುತ್ತದೆ, ಎಕ್ಸ್-ರೇಗೆ ಆ ಹಿಡಿತ ಇಲ್ಲ. ನನಗೆ ಈ ವಿವರಣೆ ಒಪ್ಪುತ್ತದೆ. ಆದರೂ ಇನ್ನಷ್ಟು ಜೋಡಿಗಳನ್ನು ಹೀಗೆಯೇ ನೋಡಿ ಖಚಿತಪಡಿಸಬೇಕು.

ಕುವೆಂಪು ವಿಶ್ವವಿದ್ಯಾಲಯದಲ್ಲಿ, ನಮ್ಮೂರಿನ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುತ್ತಿರುವ ಮಕ್ಕಳಿಗೆ ಒಂದು ಮಾತು. 2015ರಲ್ಲಿ ನಮ್ಮ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಕೂಡ ಇಂಥ ಜೋಡಿಗಳನ್ನು ಎಕ್ಸ್-ರೇಯಲ್ಲಿ ನೋಡಿದೆ. ಕಬ್ಬಿಣದ ಗೆರೆಗಳನ್ನು ಅಷ್ಟು ಬಿಡಿಸಿ ತೋರಿಸುವ ಉಪಕರಣ ಅದರಲ್ಲಿಲ್ಲ. ಆದರೆ ಹೊಳಪು ಕ್ಷಣಕ್ಷಣಕ್ಕೂ ಏರಿಳಿಯುವುದನ್ನು ಚೆನ್ನಾಗಿ ಹಿಡಿಯುತ್ತದೆ. ಆ ಮಾಹಿತಿಯನ್ನು ಇಸ್ರೋ ತನ್ನ ಜಾಲತಾಣದಲ್ಲಿ ಎಲ್ಲರಿಗೂ ಕೊಟ್ಟಿದೆ. ಒಂದು ಕಂಪ್ಯೂಟರ್, ಮೇಷ್ಟ್ರ ಸ್ವಲ್ಪ ಸಹಾಯ ಇದ್ದರೆ ಇಳಿಸಿಕೊಂಡು ಕೆಲಸ ಶುರು ಮಾಡಬಹುದು. ಮೊದಲು ವೃಶ್ಚಿಕ ರಾಶಿಯ ಸ್ಕಾರ್ಪಿಯಸ್ ಎಕ್ಸ್-1 ನೋಡಿ. 1962ರಲ್ಲಿ ಸೌರಮಂಡಲದ ಹೊರಗೆ ಮೊಟ್ಟಮೊದಲು ಸಿಕ್ಕ ಎಕ್ಸ್-ರೇ ಮೂಲ ಅದು, ಅದೂ ಇಂಥದೇ ನ್ಯೂಟ್ರಾನ್ ನಕ್ಷತ್ರ. ನಮಸ್ಕಾರ.