ಮೂರಿಂಚು ಮಡಿಕೆಯ ಲೆಕ್ಕ: ಹಳೆಯ ಆಲ್ಬಮ್ಮಿನ ಉಡುಪುಗಳನ್ನು ಓದುವ ಬಗೆ

ಎಲ್ಲರಿಗೂ ನಮಸ್ಕಾರ.

ಮನೆಯ ಹಳೆಯ ಆಲ್ಬಮ್ ತೆರೆದರೆ ಮಕ್ಕಳು ಮೊದಲು ನಗುವುದು ಬಟ್ಟೆ ನೋಡಿ. ಅಪ್ಪನ ಪ್ಯಾಂಟಿನ ಕಾಲು ಯಾಕೆ ಅಷ್ಟು ಅಗಲ, ಚಿಕ್ಕಪ್ಪನ ಕಾಲರ್ ತುದಿ ಯಾಕೆ ಮೇಲೆ ಸುರುಟಿಕೊಂಡಿದೆ, ಅತ್ತೆಯ ಲಂಗದಲ್ಲಿ ಅಡ್ಡ ಗೆರೆಗಳು ಯಾಕೆ, ಅಣ್ಣತಮ್ಮಂದಿರು ಮೂವರಿಗೂ ಒಂದೇ ಹೂವಿನ ಅಂಗಿ ಯಾಕೆ? ದೊಡ್ಡವರು ನಾಚಿಕೊಂಡು ‘ಆಗೆಲ್ಲ ಹಾಗೇ ಇತ್ತು’ ಎಂದು ಪುಟ ತಿರುಗಿಸಿಬಿಡುತ್ತಾರೆ. ಪುಟ ತಿರುಗಿಸಬೇಡಿ ಎಂದು ಕೇಳಿಕೊಳ್ಳಲು ನಾನು ಇಲ್ಲಿ ನಿಂತಿದ್ದೇನೆ. 1970ರಿಂದ 1995ರ ನಡುವೆ ನಮ್ಮ ಊರುಗಳಲ್ಲಿ ಬೆಳೆದವರ ಮೈಮೇಲೆ ಕಾಣುವ ಪ್ರತಿ ವಿಚಿತ್ರಕ್ಕೂ ಒಂದು ಕಾರಣ ಇದೆ. ಆ ಕಾರಣ ಬಟ್ಟೆಯ ನೂಲಿನಲ್ಲೋ ಟೈಲರ್ ಟೇಪಿನಲ್ಲೋ ಬೆಳೆಯುವ ಮೈಯಲ್ಲೋ ಸಿಗುತ್ತದೆ. ಕಾರಣ ತಿಳಿದ ಮೇಲೂ ನಗು ಬರುತ್ತದೆ, ಇನ್ನೂ ಚೆನ್ನಾಗಿ ಬರುತ್ತದೆ.

ಶಾಲೆಯ ಯೂನಿಫಾರ್ಮಿನಿಂದ ಶುರು ಮಾಡೋಣ. ಮೇ ಕೊನೆಯಲ್ಲಿ ಪ್ರತಿ ಟೈಲರ್ ಅಂಗಡಿಯಲ್ಲೂ ಕೇಳುತ್ತಿದ್ದ ಮಾತು ಒಂದೇ: ‘ಸ್ವಲ್ಪ ದೊಡ್ಡದಾಗೇ ಹೊಲೀರಿ ಟೈಲರ್ರೇ, ಬೆಳೆಯೋ ಹುಡುಗ.’ ಟೈಲರ್ ಇದನ್ನು ಇಂಚಿಗೆ ಇಳಿಸಬೇಕು. ಪ್ಯಾಂಟಿನ ಕೆಳಗೆ ಒಳಮಡಿಕೆ ಮೂರಿಂಚು. ಸೊಂಟದ ಹಿಂಭಾಗದ ಹೊಲಿಗೆಯಲ್ಲಿ ಎರಡೂ ಬದಿಗೆ ಒಂದೊಂದು ಇಂಚು ಹೆಚ್ಚುವರಿ ಬಟ್ಟೆ. ಅಂಗಿಯ ಪಕ್ಕೆಯಲ್ಲಿ ಮುಕ್ಕಾಲು ಇಂಚು. ಇವೆಲ್ಲ ಆಮೇಲೆ ಬಿಚ್ಚಿ ದೊಡ್ಡದು ಮಾಡಬಹುದಾದ ಜಾಗಗಳು. ಹೆಗಲು ಹಾಗಲ್ಲ. ತೋಳು ಕೂರುವ ಕಂಕುಳಿನ ಕಮಾನನ್ನು ಒಮ್ಮೆ ಕತ್ತರಿಸಿದರೆ ಅಲ್ಲಿ ಬಿಚ್ಚಿಕೊಳ್ಳಲು ಬಟ್ಟೆಯೇ ಇರುವುದಿಲ್ಲ. ಅದಕ್ಕೇ ಟೈಲರುಗಳು ಹೆಗಲನ್ನು ಮೊದಲೇ ಒಂದಿಂಚು ಅಗಲ ಕತ್ತರಿಸುತ್ತಿದ್ದರು. ಐದನೇ ತರಗತಿಯ ಗುಂಪು ಫೋಟೋದಲ್ಲಿ ಎಲ್ಲ ಹುಡುಗರ ಹೆಗಲ ಹೊಲಿಗೆಯೂ ತೋಳಿನ ಮೇಲೆ ಜಾರಿ ಅರ್ಧ ತೋಳು ಮೊಣಕೈ ದಾಟಿರುತ್ತದೆಯಲ್ಲ, ಅದು ಟೈಲರನ ತಪ್ಪಲ್ಲ. ಮುಂದಿನ ಎರಡು ವರ್ಷವನ್ನು ಮೊದಲೇ ಲೆಕ್ಕ ಹಾಕಿ ಹೊಲಿದ ಅಂಗಿ ಅದು.

ಈ ಲೆಕ್ಕ ತಪ್ಪುವುದು ಎಂಟನೇ ತರಗತಿಯ ಹೊತ್ತಿಗೆ. ಎಂಟು ಹತ್ತು ವರ್ಷದ ಮಗು ವರ್ಷಕ್ಕೆ ಸುಮಾರು ಐದಾರು ಸೆಂಟಿಮೀಟರ್ ಬೆಳೆಯುತ್ತದೆ. ಅದರಲ್ಲಿ ಕಾಲಿನ ಪಾಲು ಮೂರು ಸೆಂಟಿಮೀಟರ್ ಇರಬಹುದು. ಮೂರಿಂಚು ಎಂದರೆ ಏಳೂವರೆ ಸೆಂಟಿಮೀಟರ್, ಹಾಗಾಗಿ ಒಂದು ಮಡಿಕೆ ಎರಡು ವರ್ಷ ದಾಟಿಸುತ್ತದೆ. ಹುಡುಗರಿಗೆ ಹದಿಮೂರು ಹದಿನಾಲ್ಕು, ಹುಡುಗಿಯರಿಗೆ ಹನ್ನೊಂದು ಹನ್ನೆರಡು ದಾಟುವ ಹೊತ್ತಿಗೆ ಬೆಳವಣಿಗೆ ಓಟ ಹಿಡಿಯುತ್ತದೆ. ಹುಡುಗರಲ್ಲಿ ಅದು ವರ್ಷಕ್ಕೆ ಒಂಬತ್ತು ಸೆಂಟಿಮೀಟರ್ ಮುಟ್ಟುವುದು ಸಾಮಾನ್ಯ. ಅದೂ ಎಲ್ಲ ಕಡೆ ಒಟ್ಟಿಗೆ ಆಗುವುದಿಲ್ಲ: ಮೊದಲು ಪಾದ, ಆಮೇಲೆ ಕಾಲು, ಕೊನೆಗೆ ಎದೆ ಬೆನ್ನು. ಆದ್ದರಿಂದ ದಸರಾ ರಜೆ ಮುಗಿಯುವಷ್ಟರಲ್ಲಿ ಚಪ್ಪಲಿ ಹಿಡಿಸುವುದಿಲ್ಲ, ಸಂಕ್ರಾಂತಿಗೆ ಪ್ಯಾಂಟು ಪಾದದ ಗಂಟಿನ ಮೇಲೆ ನಿಂತಿರುತ್ತದೆ, ಅಂಗಿ ಮಾತ್ರ ಇನ್ನೂ ಜೋತಾಡುತ್ತಿರುತ್ತದೆ. ಅನೇಕ ಶಾಲೆಗಳಲ್ಲಿ ಚಡ್ಡಿ ಬಿಟ್ಟು ಪ್ಯಾಂಟು ಹಾಕುತ್ತಿದ್ದದ್ದು ಎಂಟನೇ ತರಗತಿಯಿಂದ. ಅಂದರೆ ಅಲ್ಲಿನ ಹುಡುಗರಿಗೆ ಜೀವನದ ಮೊದಲ ಪ್ಯಾಂಟು ಬಂದದ್ದೇ ಕಾಲು ಅತಿ ವೇಗವಾಗಿ ಬೆಳೆಯುವ ವರ್ಷದಲ್ಲಿ!

ಇದರ ಮೇಲೆ ಬಟ್ಟೆ ಕುಗ್ಗುವ ಲೆಕ್ಕ ಬೇರೆ. ಡ್ರಿಲ್ ಎಂಬ ಗಟ್ಟಿ ಹತ್ತಿ ಬಟ್ಟೆಯನ್ನು ಮಗ್ಗದ ಮೇಲೆ ಹಾಸುನೂಲು, ಅಂದರೆ ಉದ್ದದ ನೂಲು, ಬಿಗಿ ಎಳೆದು ನೇಯ್ದಿರುತ್ತಾರೆ. ಮೊದಲ ಒಗೆತಕ್ಕೆ ಆ ಬಿಗಿ ಸಡಿಲವಾಗಿ ನೂಲು ಹಿಂದೆ ಸರಿಯುತ್ತದೆ. ಅಡ್ಡ ಹೋಗುವ ಹೊಕ್ಕುನೂಲಿಗೆ ಅಷ್ಟು ಎಳೆತ ಇರುವುದಿಲ್ಲ. ಹೀಗಾಗಿ ಉದ್ದ ಕುಗ್ಗುತ್ತದೆ, ಅಗಲ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ನಲವತ್ತು ಇಂಚಿನ ಪ್ಯಾಂಟು ನೂರಕ್ಕೆ ಐದರಂತೆ ಕುಗ್ಗಿದರೂ ಎರಡಿಂಚು ಹೋಯಿತು. ಖಾಕಿ ಚಡ್ಡಿ ಗಿಡ್ಡವಾಗಿಯೂ ಅಗಲವಾಗಿಯೂ ಕಾಣುವುದು ಈ ಕಾರಣಕ್ಕೆ. ತಿಳಿದ ಮನೆಯವರು ಬಟ್ಟೆಯನ್ನು ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಆಮೇಲೆ ಟೈಲರಿಗೆ ಕೊಡುತ್ತಿದ್ದರು. ಅಂಚಿನಲ್ಲಿ ‘ಸ್ಯಾನ್‌ಫರೈಸ್ಡ್’ ಎಂಬ ಮುದ್ರೆ ಇದ್ದರೆ ಗಿರಣಿಯಲ್ಲೇ ಕುಗ್ಗಿಸಿ ಕಳಿಸಿದ ಬಟ್ಟೆ, ನೆನೆಸಬೇಕಿಲ್ಲ. ಜೂನ್ ಒಂದಕ್ಕೆ ಶಾಲೆ, ಮೇ ಇಪ್ಪತ್ತೆಂಟಕ್ಕೆ ಬಟ್ಟೆ ಕೊಂಡವರಿಗೆ ನೆನೆಸಲು ಪುರುಸೊತ್ತು ಎಲ್ಲಿ? ಅಂಥ ಮನೆಯ ಮೂರಿಂಚು ಮಡಿಕೆಯಲ್ಲಿ ಎರಡಿಂಚು ಬೆಳವಣಿಗೆಗೆ ಸಿಗುವ ಮೊದಲೇ ಒಗೆತಕ್ಕೆ ಹೋಗುತ್ತಿತ್ತು.

ಮಡಿಕೆ ಬಿಚ್ಚಿದ ಕಡೆ ಒಂದು ಗಾಢ ಪಟ್ಟಿ ಉಳಿಯುತ್ತದೆ. ಹೊರಗಿನ ಬಟ್ಟೆ ಬಿಸಿಲಿಗೆ ಬಣ್ಣ ಬಿಟ್ಟಿರುತ್ತದೆ, ಒಳಗಿನದು ಬಿಟ್ಟಿರುವುದಿಲ್ಲ. ಬರಿಯ ಇಸ್ತ್ರಿ ಗೆರೆಯಾದರೆ ಸಮಪಾಲು ನೀರು ಬೆರೆಸಿದ ವಿನಿಗರ್ ಸವರಿ ಇಸ್ತ್ರಿ ಮಾಡಿದಾಗ ಹೋಗುತ್ತದೆ. ಬಣ್ಣದ ವ್ಯತ್ಯಾಸಕ್ಕೆ ಮಾತ್ರ ಮದ್ದಿಲ್ಲ. ಲಂಗವಾದರೆ ಅದರ ಮೇಲೆ ಲೇಸು ಹೊಲಿದು ಮುಚ್ಚಬಹುದಿತ್ತು. ಪ್ಯಾಂಟಿಗೆ ಆ ದಾರಿ ಇರಲಿಲ್ಲ, ಆ ಪಟ್ಟಿ ಇಡೀ ತರಗತಿಗೆ ಕಾಣುತ್ತಿತ್ತು. ಒಂದು ಸಮಾಧಾನ, ಪಕ್ಕದ ಬೆಂಚಿನವನ ಪ್ಯಾಂಟಿನಲ್ಲೂ ಅದೇ ಪಟ್ಟಿ ಇರುತ್ತಿತ್ತು.

ಈಗ ಬೆಲ್ ಬಾಟಮ್. 1970ರ ದಶಕದ ಈ ಪ್ಯಾಂಟಿನ ಬಗ್ಗೆ ನಗೆಮಾತು ಬೇಕಾದಷ್ಟಿವೆ. ಅದರ ಕತ್ತರಿಕೆಯ ಜಾಣತನದ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಅದು ಬೇಸರದ ಸಂಗತಿ. ಒಂದು ಅಳತೆ ನೋಡಿ: ಸೊಂಟ 28, ಸೀಟು 34, ತೊಡೆ 21, ಮೊಣಕಾಲು 17, ಬಾಟಮ್ 26. ಮೊಣಕಾಲಿನಿಂದ ನೆಲದವರೆಗಿನ ಹದಿನೆಂಟು ಇಪ್ಪತ್ತು ಇಂಚಿನಲ್ಲಿ ಸುತ್ತಳತೆ ಒಂಬತ್ತು ಇಂಚು ಹಿಗ್ಗಬೇಕು. ಒಳ್ಳೆಯ ಕಟರ್, ಅಂದರೆ ಬಟ್ಟೆ ಕತ್ತರಿಸುವ ಟೈಲರ್, ಮೊಣಕಾಲಿನ ಗುರುತನ್ನು ನಿಜವಾದ ಮೊಣಕಾಲಿಗಿಂತ ಎರಡಿಂಚು ಮೇಲೆ ಹಾಕುತ್ತಿದ್ದ. ಗಂಟೆಯಾಕಾರದ ಹಿಗ್ಗು ಅಲ್ಲಿಂದ ಬಿಚ್ಚಿಕೊಂಡರೆ ಕಾಲು ಉದ್ದ ಕಾಣುತ್ತದೆ. ಹಿಗ್ಗನ್ನು ಹೊರಬದಿಗೂ ಒಳಬದಿಗೂ ಸಮನಾಗಿ ಹಂಚಬೇಕು. ಎಲ್ಲವನ್ನೂ ಹೊರಬದಿಗೇ ಕೊಟ್ಟರೆ ನಡೆಯುವಾಗ ಪ್ಯಾಂಟು ತಿರುಚಿಕೊಂಡು ಇಸ್ತ್ರಿ ಗೆರೆ ಒಳಗೆ ಸರಿಯುತ್ತದೆ. ಹಳೆಯ ಫೋಟೋಗಳಲ್ಲಿ ಗೆರೆ ಬೂಟಿನ ನಡುವೆ ಬಿದ್ದಿದೆಯೋ ಪಕ್ಕಕ್ಕೆ ಹೋಗಿದೆಯೋ ನೋಡಿ, ಕಟರ್ ಎಂಥವನೆಂದು ಗೊತ್ತಾಗುತ್ತದೆ.

ಬೆಳೆಯುವ ಹುಡುಗನಿಗೆ ಬೆಲ್ ಬಾಟಮ್ ಹೊಂದದ ಉಡುಪು. ನೆಟ್ಟಗಿನ ಪ್ಯಾಂಟಿನಲ್ಲಿ ಮೂರಿಂಚು ಒಳಗೆ ಮಡಿಸಬಹುದು, ಕೆಳಗಿನ ಅಗಲ ಮೇಲಿನ ಅಗಲ ಒಂದೇ. ಗಂಟೆಯ ಆಕಾರದಲ್ಲಿ ಕೆಳಗಿನ ತುದಿ ಅಗಲ, ಅದನ್ನು ಒಳಕ್ಕೆ ಮಡಿಸಿದರೆ ಕೂರಬೇಕಾದದ್ದು ಕಿರಿದಾದ ಜಾಗದಲ್ಲಿ, ಹೆಚ್ಚಾದ ಬಟ್ಟೆ ನಿರಿಗೆ ಬಿದ್ದು ಉಬ್ಬುತ್ತದೆ. ಅದಕ್ಕೇ ಟೈಲರುಗಳು ಒಂದೂವರೆ ಇಂಚಿಗಿಂತ ಹೆಚ್ಚು ಮಡಿಕೆ ಬಿಡುತ್ತಿರಲಿಲ್ಲ. ಹುಡುಗ ಬೆಳೆದ ಮೇಲೆ ಬಿಚ್ಚಲು ಏನೂ ಉಳಿದಿರುತ್ತಿರಲಿಲ್ಲ. ಇಪ್ಪತ್ತಾರು ಇಂಚಿನ ಬಾಯಿ ಪಾದದ ಗಂಟಿಗಿಂತ ನಾಲ್ಕು ಬೆರಳು ಮೇಲೆ ತೂಗಾಡುವ ಆ ಅಪರೂಪದ ಫೋಟೋಗಳು ಹುಟ್ಟಿದ್ದು ಹೀಗೆ. ನಿಮ್ಮ ಮನೆಯಲ್ಲಿ ಅಂಥದ್ದೊಂದಿದ್ದರೆ ಜೋಪಾನ ಮಾಡಿ.

ಅಳತೆ ಸರಿ ಇದ್ದವರ ಕಷ್ಟ ಬೇರೆ. ಪ್ಯಾಂಟು ನೆಲಕ್ಕಿಂತ ಅರ್ಧ ಇಂಚು ಮೇಲಿರಬೇಕು, ಹಿಂದೆ ಹಿಮ್ಮಡಿ ಮುಚ್ಚಬೇಕು. ಚಪ್ಪಲಿ ಹಾಕಿದ ದಿನ ಅದು ನೆಲಕ್ಕೆ ಉಜ್ಜಿ ತಿಂಗಳಲ್ಲಿ ಎಳೆ ಬಿಡುತ್ತದೆ. ಟೈಲರುಗಳು ಕಂಡುಕೊಂಡ ಉಪಾಯ: ಲೋಹದ ಜಿಪ್ಪಿನ ಒಂದು ಬದಿಯನ್ನು ಬೇರ್ಪಡಿಸಿ, ಹಲ್ಲು ಕೂದಲೆಳೆಯಷ್ಟು ಹೊರಗೆ ಕಾಣುವಂತೆ ಮಡಿಕೆಯ ಅಂಚಿಗೆ ಹೊಲಿಯುವುದು. ಸವೆಯುವುದು ಹಲ್ಲು, ಬಟ್ಟೆಯಲ್ಲ. ಸಿಮೆಂಟು ನೆಲದ ಮೇಲೆ ನಡೆದರೆ ಕಿರ್ರ್ ಎಂಬ ಸದ್ದೂ ಬರುತ್ತಿತ್ತು, ಹುಡುಗರಿಗೆ ಅದೂ ಇಷ್ಟ. ಸೈಕಲ್ಲಿನ ಚೈನಿಗೆ ಸಿಕ್ಕುವುದು ಯಾವಾಗಲೂ ಬಲಗಾಲು, ಚೈನು ಇರುವುದೇ ಆ ಬದಿಗೆ. ಸಿಕ್ಕಿಕೊಂಡಾಗ ಮುಂದಕ್ಕೆ ತುಳಿದರೆ ಬಟ್ಟೆ ಇನ್ನಷ್ಟು ಒಳಗೆ ಹೋಗುತ್ತದೆ. ಇಳಿದು ಪೆಡಲನ್ನು ಹಿಂದಕ್ಕೆ ತಿರುಗಿಸಬೇಕು. ಆದರೆ ಒಂದು ಕಾಲು ಚೈನಿನಲ್ಲಿರುವಾಗ ಇಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಆ ಕಾಲದ ಪ್ರತಿ ಊರಿನ ಕಾಲೇಜು ರಸ್ತೆಯೂ ಕಂಡಿದೆ. ಗ್ರೀಸಿನ ಕಲೆಗೆ ಕೂಡಲೇ ಪೌಡರ್ ಒತ್ತಿ ಎಣ್ಣೆ ಹೀರಿಸಿ, ಆಮೇಲೆ ಸೋಪು ಹಚ್ಚಬೇಕು. ಬಟ್ಟೆ ಟೆರಿಲಿನ್, ಅಂದರೆ ಪಾಲಿಯೆಸ್ಟರ್ ನೂಲಿನದು, ಆಗಿದ್ದರೆ ತಡಮಾಡುವಂತಿಲ್ಲ, ಆ ನೂಲಿಗೆ ನೀರು ಬೇಡ, ಎಣ್ಣೆಯಾದರೆ ಹಿಡಿದು ಬಿಡುವುದಿಲ್ಲ.

ಟೆರಿಲಿನ್ ಮತ್ತು ಟೆರಿಕಾಟಿನ ಬಗ್ಗೆ ಇನ್ನಷ್ಟು ಹೇಳಬೇಕು, ಆ ಕಾಲದ ಮುಜುಗರಗಳಲ್ಲಿ ಅರ್ಧ ಇದರಿಂದಲೇ ಬಂದವು. ಪಾಲಿಯೆಸ್ಟರ್ ನೂಲು 1941ರಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧವಾಯಿತು. ಅದಕ್ಕೆ ಹತ್ತಿ ಬೆರೆಸಿದ್ದು ಟೆರಿಕಾಟ್, ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್ ಇರುವುದು ವಾಡಿಕೆಯ ಬೆರಕೆ. ಸುಕ್ಕಾಗದು, ಬೇಗ ಒಣಗುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಇದು ದೊಡ್ಡ ವರವೇ ಆಗಿತ್ತು. ಆದರೆ ಹತ್ತಿ ತನ್ನ ತೂಕದ ನೂರಕ್ಕೆ ಎಂಟರಷ್ಟು ತೇವ ಹಿಡಿದುಕೊಂಡರೆ ಪಾಲಿಯೆಸ್ಟರ್ ಹಿಡಿಯುವುದು ನೂರು ಗ್ರಾಮಿಗೆ ಬರೀ ಅರ್ಧ ಗ್ರಾಮ್. ಬೆವರಿಗೆ ಹೋಗಲು ದಾರಿ ಇಲ್ಲ. ಮೇ ತಿಂಗಳ ಮದುವೆಯಲ್ಲಿ ರಾಯಚೂರಿನ ಬಿಸಿಲಿಗೆ ಟೆರಿಲಿನ್ ಅಂಗಿ ತೊಟ್ಟ ಹುಡುಗನ ಬೆನ್ನಿಗೆ ಅಂಗಿ ಅಂಟಿರುವುದನ್ನು ಫೋಟೋದಲ್ಲೇ ಕಾಣಬಹುದು. ಇದ್ದಿಲ ಇಸ್ತ್ರಿ ಪೆಟ್ಟಿಗೆಯ ಕಿಡಿ ಬಿದ್ದರೆ ಹತ್ತಿ ಕರಕಾಗುತ್ತದೆ, ಟೆರಿಲಿನ್ ಕರಗುತ್ತದೆ. ಸುತ್ತ ಗಟ್ಟಿ ಅಂಚು ಕಟ್ಟಿದ ಪುಟ್ಟ ತೂತು, ಹೆಚ್ಚಾಗಿ ಜೇಬಿನ ಬಳಿ. ಇಂಥ ಬಟ್ಟೆಯ ಮೇಲೆ ಒದ್ದೆ ಹತ್ತಿ ಬಟ್ಟೆ ಹಾಸಿಯೇ ಇಸ್ತ್ರಿ ಮಾಡಬೇಕು.

ಇನ್ನೊಂದು ಸೂಕ್ಷ್ಮ. ಟೆರಿಕಾಟ್ ಅಂಗಿಯ ಗುಂಡಿಪಟ್ಟಿ ಒಗೆದ ಮೇಲೆ ಅಲೆಅಲೆಯಾಗಿ ಸುಕ್ಕುಗಟ್ಟಿರುವುದನ್ನು ಗಮನಿಸಿದ್ದೀರಾ? ಹೊಲಿದದ್ದು ಹತ್ತಿಯ ದಾರದಲ್ಲಿ. ದಾರ ಕುಗ್ಗಿತು, ಬಟ್ಟೆ ಕುಗ್ಗಲಿಲ್ಲ. ಎಷ್ಟು ಇಸ್ತ್ರಿ ಒತ್ತಿದರೂ ಸರಿಹೋಗದ ಸುಕ್ಕು ಅದು.

ಕಾಲರಿಗೆ ಬರೋಣ. ಸಾಮಾನ್ಯ ಕಾಲರಿನ ತುದಿ ಮೂರಿಂಚಿನ ಒಳಗೆ. ಎಪ್ಪತ್ತರ ದಶಕದಲ್ಲಿ ಅದು ನಾಲ್ಕು, ನಾಲ್ಕೂವರೆ ಇಂಚಿಗೆ ಬೆಳೆದು ನಾಯಿಯ ಕಿವಿಯ ಹಾಗೆ ಎದೆಯ ಮೇಲೆ ಬಿತ್ತು. ಅಷ್ಟುದ್ದದ ತುದಿ ನೆಟ್ಟಗೆ ನಿಲ್ಲಲು ಒಳಗೆ ಗಂಜಿ ಹಾಕಿದ ಬಕ್ರಂ ಎಂಬ ಗಡುಸು ಬಟ್ಟೆ ಬೇಕು. ಹತ್ತಾರು ಒಗೆತಕ್ಕೆ ಗಂಜಿ ಹೋಗಿ ಬಕ್ರಂ ಮೆತ್ತಗಾದರೆ ತುದಿ ಮೇಲಕ್ಕೆ ಸುರುಳುತ್ತದೆ. ಎರಡೂ ತುದಿ ಒಂದೇ ಸಮ ಸುರುಳುವುದೂ ಇಲ್ಲ. ಗುಂಪು ಫೋಟೋದಲ್ಲಿ ಯಾರ ಅಂಗಿ ಹೊಸದು, ಯಾರದು ಎರಡನೇ ವರ್ಷದ್ದು ಎಂದು ಕಾಲರ್ ನೋಡಿಯೇ ಹೇಳಬಹುದು.

ಹೆಣ್ಣುಮಕ್ಕಳ ಲಂಗದ ಅಡ್ಡ ಗೆರೆಗಳನ್ನು ಅಲಂಕಾರ ಎಂದು ಅನೇಕರು ತಿಳಿದಿದ್ದಾರೆ. ಅವು ಟಕ್ಕುಗಳು, ಅಂದರೆ ಬಟ್ಟೆಯನ್ನು ಅಡ್ಡಕ್ಕೆ ಮಡಿಸಿ ಹೊಲಿದ ಮಡಿಕೆಗಳು. ಒಂದಿಂಚು ಆಳದ ಒಂದು ಟಕ್ ಎರಡಿಂಚು ಬಟ್ಟೆ ನುಂಗುತ್ತದೆ. ಮೂರು ಟಕ್ ಹಿಡಿದರೆ ಆರಿಂಚು ಉಗ್ರಾಣದಲ್ಲಿದ್ದ ಹಾಗೆ. ವರ್ಷಕ್ಕೊಂದರಂತೆ ಕೆಳಗಿನಿಂದ ಬಿಚ್ಚುತ್ತಾ ಬಂದರೆ ಒಂದು ರೇಷ್ಮೆ ಲಂಗ ನಾಲ್ಕು ಯುಗಾದಿ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಆ ಕಾಲದ ಮನೆಹೊಲಿಗೆಯಲ್ಲಿ ಇದಕ್ಕಿಂತ ಒಳ್ಳೆಯ ವಿದ್ಯೆ ಇನ್ನೊಂದಿಲ್ಲ. ಲಂಗ ಹೀಗೆ ಬೆಳೆಯುತ್ತಿತ್ತು, ರವಿಕೆ ಬೆಳೆಯುತ್ತಿರಲಿಲ್ಲ. ಪಫ್ ತೋಳಿನ ಬಟ್ಟೆಯನ್ನು ಕಂಕುಳಿನ ಸುತ್ತಳತೆಯ ಒಂದೂವರೆ ಪಟ್ಟು ಕತ್ತರಿಸಿ, ನೆರಿಗೆ ಎಳೆದು ಕೂರಿಸುತ್ತಿದ್ದರು. ಉಬ್ಬು ನಿಲ್ಲುವುದು ಗಂಜಿಯ ಬಲದಿಂದ. ಸೆಕೆಗೆ ಗಂಜಿ ಸಡಿಲವಾದರೆ ಒಂದು ತೋಳು ಉಬ್ಬಿ, ಒಂದು ಕುಸಿದು, ಮಗು ಸ್ಟುಡಿಯೋದಲ್ಲಿ ಓರೆಯಾಗಿ ನಿಂತಂತೆ ಕಾಣುತ್ತದೆ.

ಅಣ್ಣತಮ್ಮಂದಿರ ಒಂದೇ ಹೂವಿನ ಅಂಗಿಗೆ ಕಾರಣ ಕತ್ತರಿಕೆಯ ಉಳಿತಾಯ. ಮೂವತ್ತಾರು ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಮೂರು ಅಂಗಿ ಬೇರೆ ಬೇರೆ ಕತ್ತರಿಸುವುದಕ್ಕಿಂತ ಒಂದೇ ಥಾನಿನಿಂದ ಒಟ್ಟಿಗೆ ಕತ್ತರಿಸಿದರೆ, ದೊಡ್ಡವನ ಬೆನ್ನಿನ ಪಕ್ಕ ಉಳಿದ ಸಂದಿಯಲ್ಲಿ ಚಿಕ್ಕವನ ತೋಳು, ಕಾಲರ್, ಜೇಬು ಬರುತ್ತವೆ. ಉಳಿದ ಚೂರು ದಿಂಬಿನ ಚೀಲಕ್ಕೆ. ಪರಿಣಾಮ ಮಾತ್ರ ಕಿರಿಯವನ ಮೇಲೆ: ತನ್ನದು ಹರಿಯುವಷ್ಟರಲ್ಲಿ ನಡುವಿನವನದು ಅವನಿಗೆ ಬರುತ್ತದೆ, ಆಮೇಲೆ ಹಿರಿಯವನದು. ನೋಡುವವರಿಗೆ ಆ ಹುಡುಗ ಆರು ವರ್ಷ ಒಂದೇ ಅಂಗಿ ಹಾಕಿದ್ದಾನೆ.

ಎಂಬತ್ತರ ದಶಕದ ಕೊನೆಗೆ ಬಂದ ಬ್ಯಾಗಿ ಪ್ಯಾಂಟು ಬೆಲ್ ಬಾಟಮ್ಮಿಗೆ ಪೂರ್ತಿ ತಿರುವುಮುರುವು: ಮೇಲೆ ಅಗಲ, ಕೆಳಗೆ ಹದಿನಾಲ್ಕು ಇಂಚು. ಸೊಂಟದ ಎರಡೂ ಬದಿಗೆ ಮೂರು ಮೂರು ಪ್ಲೀಟು, ಒಂದೊಂದಕ್ಕೆ ಒಂದಿಂಚು ಬಟ್ಟೆ. ತೆಳು ಬಟ್ಟೆಯಲ್ಲಿ ಹೊಲಿಸಿದರೆ ಕೂತಾಗ ಪ್ಲೀಟುಗಳು ಬಾಯಿಬಿಟ್ಟು ಹೊಟ್ಟೆ ಬಂದಂತೆ ಕಾಣುತ್ತದೆ. ಬಾಟಮ್ ಹದಿಮೂರಕ್ಕಿಂತ ಇಳಿಸಿದರಂತೂ ಹಿಮ್ಮಡಿ ಹಾದುಹೋಗುವುದೇ ಕಷ್ಟ. ದೊಡ್ಡ ಗಂಡಸಿನ ಹಿಮ್ಮಡಿ ಮತ್ತು ಪಾದದ ಮೇಲ್ಭಾಗ ಸುತ್ತಿದ ಅಳತೆ ಹತ್ತಿರ ಹತ್ತಿರ ಅಷ್ಟೇ ಇರುತ್ತದೆ. ಅರವತ್ತರ ದಶಕದ ಬಿಗಿ ಪ್ಯಾಂಟಿನವರಿಗೂ ಇದೇ ಕಷ್ಟ ಬಂದಿತ್ತು.

ಕೊನೆಯದಾಗಿ ಆ ಫೋಟೋಗಳ ಬಣ್ಣ. ಎಪ್ಪತ್ತು ಎಂಬತ್ತರ ಕಲರ್ ಫೋಟೋದಲ್ಲಿ ಎಲ್ಲರ ಬಟ್ಟೆಯೂ ಕೆಂಪು ಕಿತ್ತಳೆಯಾಗಿ ಕಂಡರೆ, ಅಷ್ಟು ಕೆಂಪು ಬಟ್ಟೆ ಯಾರೂ ತೊಟ್ಟಿರಲಿಲ್ಲ. ಆ ಕಾಲದ ಕಾಗದದಲ್ಲಿ ಹಸಿರು ಮಿಶ್ರಿತ ನೀಲಿ ವರ್ಣ ಬೇಗ ಮಾಸಿ ಕೆಂಪು ಹಳದಿ ಉಳಿದುಕೊಂಡವು. ಸ್ಕ್ಯಾನ್ ಮಾಡುವವರು 600 ಡಿಪಿಐಗೆ ಇಟ್ಟು, ಬಣ್ಣ ತಿದ್ದದ ಒಂದು ಪ್ರತಿಯನ್ನು ಮೊದಲು ಉಳಿಸಿಕೊಳ್ಳಿ, ತಿದ್ದುಪಡಿ ಆಮೇಲೆ. ಅಂಟು ಹಾಳೆಯ ಆಲ್ಬಮ್ಮಿನಿಂದ ಫೋಟೋ ಕೀಳುವಾಗ ಉಗುರು ಹಾಕಬೇಡಿ. ಹಲ್ಲಿನ ಸಂದಿ ತಿಕ್ಕುವ ದಾರವನ್ನು ಫೋಟೋ ಹಿಂದೆ ತೂರಿಸಿ ಗರಗಸ ಎಳೆದಂತೆ ಮೆಲ್ಲಗೆ ಅತ್ತಿತ್ತ ಎಳೆಯಿರಿ. ಬಿಡದಿದ್ದರೆ ಬಲವಂತ ಬೇಡ, ಹಾಳೆಯ ಸಮೇತ ಸ್ಕ್ಯಾನ್ ಮಾಡಿ. ಹಿಂಬದಿಗೆ ಬಾಲ್‌ಪೆನ್ನಿನಲ್ಲಿ ಬರೆದರೆ ಅಚ್ಚು ಮುಂದಕ್ಕೆ ಮೂಡುತ್ತದೆ, ಮೆತ್ತನೆ ಸೀಸದ ಪೆನ್ಸಿಲ್ ಹಿಡಿಯಿರಿ. ಹೆಸರು, ವರ್ಷದ ಜೊತೆಗೆ ಬಟ್ಟೆ ಎಲ್ಲಿ ಕೊಂಡದ್ದು, ಯಾರು ಹೊಲಿದದ್ದು, ಅದು ಆಮೇಲೆ ಯಾರ ಮೈಗೆ ಹೋಯಿತು ಎಂಬುದನ್ನೂ ಬರೆಯಿರಿ. ಇದನ್ನು ಹೇಳಬಲ್ಲ ಅಜ್ಜಿಯೋ ದೊಡ್ಡಮ್ಮನೋ ಮನೆಯಲ್ಲಿದ್ದರೆ ಈ ಭಾನುವಾರವೇ ಆಲ್ಬಮ್ ಹಿಡಿದು ಅವರ ಪಕ್ಕ ಕೂತುಕೊಳ್ಳಿ.