ದೂರು ಎಷ್ಟು, ಗಾಡಿ ಎಷ್ಟು?

ಕೇಳುಗರಿಗೆ ನಮಸ್ಕಾರ.

ಹಳೇ ಕಾರು ಕೊಳ್ಳೋಣವೆಂದು ಮೊಬೈಲ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ದೂರುಗಳೇ. ಈ ಎಂಜಿನ್ ಆಯಿಲ್ ಕುಡಿಯುತ್ತದೆ, ಆ ಎಂಜಿನ್ 60 ಸಾವಿರ ಕಿಲೋಮೀಟರಿಗೇ ಬಿಚ್ಚಬೇಕಾಯಿತು. ಸುಳ್ಳೆನ್ನುವಂತಿಲ್ಲ. ಆದರೆ ಗಾಡಿ ಚೆನ್ನಾಗಿದ್ದವರು ಓಡಿಸಿಕೊಂಡಿರುತ್ತಾರೆ, ಬರೆಯಲು ಕೂರುವುದಿಲ್ಲ. 2 ಲಕ್ಷ ಗಾಡಿಗಳಿಗೆ 200 ದೂರು ಬಂದರೆ ಸಾವಿರಕ್ಕೆ ಒಂದು. 4 ಸಾವಿರ ಗಾಡಿಗಳಿಗೆ 40 ಬಂದರೆ ಸಾವಿರಕ್ಕೆ ಹತ್ತು. ಅಂಜಬೇಕಾದದ್ದು ಆ 40ಕ್ಕೆ.

ಬೈಗುಳ ಬಿಟ್ಟು, ಕೆಟ್ಟ ಭಾಗ ಯಾವುದು, ಎಷ್ಟು ಕಿಲೋಮೀಟರಿಗೆ ಎಂಬುದನ್ನಷ್ಟೇ ಬರೆದುಕೊಳ್ಳಿರಿ. ಬೇರೆ ಬೇರೆ ಊರಿನವರು ಅದೇ ಭಾಗ, ಹೆಚ್ಚುಕಡಿಮೆ ಅದೇ ಕಿಲೋಮೀಟರ್ ಹೇಳುತ್ತಿದ್ದರೆ ದೋಷ ಎಂಜಿನ್ನಿನದೇ. ಬರೀ ‘ಪಿಕಪ್ ಇಲ್ಲ’ ಎಂದರೆ ಏನೂ ಹೇಳಿದಂತಾಗಲಿಲ್ಲ.

ಓಡಿಸುವ ರೀತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ, ಸೈಲೆನ್ಸರ್ ಕೊಳವೆಯೊಳಗೆ, ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಸೈಲೆನ್ಸರ್ ಕೊಳವೆ ಚೆನ್ನಾಗಿ ಕಾದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ಕಾಯಿಸಲೆಂದು ಎಂಜಿನ್ ಹೆಚ್ಚಿಗೆ ಡೀಸೆಲ್ ಸಿಡಿಸುತ್ತದೆ. ಹುಬ್ಬಳ್ಳಿಯೊಳಗೇ ದುರ್ಗದಬೈಲಿನಿಂದ ಪಕ್ಕದ ಕೊಪ್ಪಿಕರ್ ರಸ್ತೆಗೆ ಹೋಗಿ ಗಾಡಿ ಬಂದ್ ಮಾಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಸುಡದ ಡೀಸೆಲ್ ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ. ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ಕಿನಲ್ಲಿ, ಆಯಿಲ್ ಮೇಲಿನ ಗೆರೆ ದಾಟಿದ್ದರೆ ಖುಷಿಪಡಬೇಡಿರಿ. ತೆಳುವಾದ ಆಯಿಲ್ ಬೇರಿಂಗ್, ಟರ್ಬೊ ಎರಡನ್ನೂ ತಿನ್ನುತ್ತದೆ. ವಾರಕ್ಕೊಮ್ಮೆ ಹಾವೇರಿಯವರೆಗೆ ಹೆದ್ದಾರಿ ಹಿಡಿಯುವ ಅದೇ ಗಾಡಿಗೆ ಈ ಕಾಟ ಕಡಿಮೆ. ನಿಮ್ಮದು ಊರೊಳಗಿನ ಓಡಾಟವೇ ಆದರೆ ಪೆಟ್ರೋಲ್ ಗಾಡಿಯನ್ನೇ ನೋಡಿರಿ.

ಇನ್ನು ಕಣ್ಣೆದುರಿನ ಗಾಡಿ. ಬೆಳಿಗ್ಗೆ ಹೋಗಿ ಬಾನೆಟ್ ಮುಟ್ಟಿರಿ. ಬೆಚ್ಚಗಿದ್ದರೆ ಮೊದಲೇ ಚಾಲೂ ಮಾಡಿಟ್ಟಿದ್ದಾರೆ, ಇನ್ನೊಂದು ದಿನ ಬನ್ನಿರಿ. ಸೆಲ್ಫ್ ಹೊಡೆಯುವಾಗ ಒಬ್ಬರು ಹಿಂದೆ ನಿಲ್ಲಲಿ. ಮೊದಲ ಕೆಲವು ಸೆಕೆಂಡಷ್ಟೇ ನೀಲಿ ಹೊಗೆ ಬಂದರೆ ಸಾಮಾನ್ಯವಾಗಿ ವಾಲ್ವ್ ಸೀಲ್ ಸವೆದಿರುತ್ತದೆ. ಎಕ್ಸಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು, ಅದು ಎಂಜಿನ್ ಬಿಚ್ಚುವ ಖರ್ಚು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ ಇಳಿಯುತ್ತಿದ್ದರೆ ಎಂಜಿನ್ನಿನ ಮೇಲ್ಭಾಗ ಕೂರುವ ಸಂದಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಆಯಿಲ್ ಮುಚ್ಚಳದಡಿ ಕೆನೆಯಂಥದ್ದು ಕಂಡ ಮಾತ್ರಕ್ಕೆ ತೀರ್ಮಾನ ಬೇಡ. ಮಳೆಗಾಲದಲ್ಲಿ ಸಣ್ಣ ಓಡಾಟದ ಗಾಡಿಗಳಲ್ಲಿ ಅದು ಬರೀ ತೇವವಿರಬಹುದು.

ಪೆಟ್ರೋಲ್ ಎಂಜಿನ್ನಾದರೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಮೆಕ್ಯಾನಿಕ್‌ನಿಂದ ಅಳೆಸಿರಿ. ಒಂದು ಸಿಲಿಂಡರ್ ಉಳಿದವುಗಳಿಗಿಂತ ಶೇಕಡಾ 15ಕ್ಕೂ ಹೆಚ್ಚು ಕಡಿಮೆ ತೋರಿಸಿದರೆ, ಪ್ಲಗ್ ತೂತಿನಿಂದ ಅದಕ್ಕೊಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಒತ್ತಡ ಏರಿತೋ, ರಿಂಗ್ ಸವೆದಿದೆ. ಏರಲಿಲ್ಲವೋ, ವಾಲ್ವ್ ಇಲ್ಲವೇ ಗ್ಯಾಸ್ಕೆಟ್.

ಗದಗ, ನವಲಗುಂದದ ಎರೆನೆಲದ ದಾರಿಯಲ್ಲಿ ಓಡಿದ ಗಾಡಿಗೆ ಇನ್ನೊಂದು ಪರೀಕ್ಷೆ ಬಾಕಿ. ಏರ್ ಫಿಲ್ಟರ್ ಕೊಳೆಯಾಗಿದ್ದರೆ ಚಿಂತೆಯಿಲ್ಲ, ಅದು ಇರುವುದೇ ಧೂಳು ತಡೆಯಲು. ಫಿಲ್ಟರಿನಾಚೆ, ಎಂಜಿನ್ ಕಡೆಗೆ ಹೋಗುವ ಕೊಳವೆಯ ಒಳಗೆ ಬಿಳಿ ಬಟ್ಟೆ ಒರೆಸಿರಿ. ಬಟ್ಟೆಗೆ ಧೂಳು ಹತ್ತಿದರೆ, ಮೀಟರ್ ಎಷ್ಟೇ ಕಡಿಮೆ ತೋರಿಸಲಿ, ಆ ಗಾಡಿ ಬಿಡಿರಿ.